ನಮ್ಮೂರ ಬಿಸಿಲು ಮತ್ತು ಎದುರುಮನೆ ವಕೀಲರು

ಭೂಗೋಳ ಕಲಿಸುವವಳಿಗೆ ನಮ್ಮ ಕಡೆ ನೆಮ್ಮದಿಯಿಲ್ಲ. ಗಣಿತದವರನ್ನು ದಾರಿಯಲ್ಲಿ ನಿಲ್ಲಿಸಿ ಯಾರೂ ಲೆಕ್ಕ ಬಿಡಿಸಿ ಅನ್ನುವುದಿಲ್ಲ. ಕನ್ನಡದವರನ್ನು ಹಿಡಿದು ಸಂಧಿ ಯಾವುದು ಹೇಳಿ ಅಂತ ಪೀಡಿಸುವುದಿಲ್ಲ. ನನ್ನನ್ನು ಮಾತ್ರ ಶಹಾಪುರದ ತರಕಾರಿ ಬಜಾರಿನಲ್ಲಿ, ಲಗ್ನದ ಪಂಕ್ತಿಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರರ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದಾಗಲೂ ಹಿಡಿದು ಕೇಳಿದ್ದಾರೆ: "ಮೇಡಂ, ಮಳಿ ಯಾವಾಗ್ರಿ?"

ನನಗೆ ಗೊತ್ತಿಲ್ಲ ಅಂದರೆ ನಂಬುವುದಿಲ್ಲ. ಸೊಪ್ಪು ಮಾರುವ ಅಜ್ಜಿಯಂತೂ ಒಂದು ದಿನ ಮೆಂತ್ಯದ ಕಟ್ಟು ವಾಪಸ್ ಎಳೆದುಕೊಂಡು, "ಸರ್ಕಾರದ್ದು ಪಗಾರ ತಗೋತಿ, ಒಂದ್ ಮಾತ ಹೇಳಂಗಿಲ್ಲಂತಿ" ಅಂತ ಬೈದಳು.

ಕಾಲೇಜಿನಲ್ಲಿ ನಾನು ಕಲಿಸುವುದು ಹವಾಮಾನ ಹೇಗೆ ಕೆಲಸ ಮಾಡುತ್ತದೆ ಎಂದು. ಊರಿನವರಿಗೆ ಬೇಕಾಗಿರುವುದು ಅದು ಯಾರ ಪರವಾಗಿ ಕೆಲಸ ಮಾಡುತ್ತದೆ ಎಂದು. ಇದರ ಮೇಲೆ, ನಮ್ಮ ಎದುರುಮನೆಯಲ್ಲಿ ಒಬ್ಬ ವಕೀಲರಿದ್ದಾರೆ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಅಂದರೂ "ತಕರಾರು ಅದ" ಅನ್ನುವವರು. ಹೀಗಾಗಿ ವರ್ಷಕ್ಕೆ ಮಳೆ ಬರಲಿ ಬಿಡಲಿ, ಹವಾಮಾನದ ಜಗಳ ಮಾತ್ರ ನನ್ನ ಮನೆ ಬಾಗಿಲಿಗೆ ತಪ್ಪದೆ ಬರುತ್ತದೆ.

ರಾಜರ ಕಾಲದ ಬಿಸಿಲು

ಮೇ ತಿಂಗಳು. ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಯಾದಗಿರಿಗೆ ಹೊರಟಿದ್ದೆ. ಬಸ್ಸು ಸುರಪುರದಿಂದಲೇ ತುಂಬಿಕೊಂಡು ಬಂದಿತ್ತು. ಕಿಟಕಿಯ ಕಬ್ಬಿಣ ಮುಟ್ಟುವ ಹಾಗಿರಲಿಲ್ಲ. ನನ್ನ ಮುಂದಿನ ಸೀಟಿನಲ್ಲಿದ್ದ ಯಾದಗಿರಿಯವರೊಬ್ಬರು ಫೋನು ತೆಗೆದು ನೋಡಿ, ಮಗಳಿಗೆ ರ‍್ಯಾಂಕ್ ಬಂದವರ ಹಾಗೆ ಸುತ್ತಲೂ ತೋರಿಸಿದರು.

"ನೋಡ್ರಿ, ಇವತ್ತ ಬಿಸಲಿನಾಗ ನಮ್ಮ ಯಾದಗಿರಿನೇ ಮುಂದ ಅದ."

ಪಕ್ಕದಲ್ಲಿದ್ದ ಶಹಾಪುರದವರು ಕತ್ತು ಚಾಚಿದರು. "ಶಹಾಪುರ ಎಷ್ಟ ತೋರಸ್ತದ?"

"ಒಂದ್ ಡಿಗ್ರಿ ಕಮ್ಮಿ."

"ಹೆಂಗ ಕಮ್ಮಿ? ಯಾರು ಬಂದು ಅಳದಾರ? ನಮ್ಮ ಗುಡ್ಡ ನೋಡೀರಿಲ್ಲೋ? ಬರೇ ಬಂಡಿಗಲ್ಲು. ಹಗಲೆಲ್ಲ ಕಾದು ರಾತ್ರಿನೂ ಬಿಸಿ ಬಿಡ್ತದ. ನಿಮ್ಮಲ್ಲಿ ಏನದ?" ಅವರ ದನಿ ಏರಿತು. "ಜಿಲ್ಲಾ ಮಾಡೋವಾಗೂ ಹಿಂಗೇ ಮಾಡಿದ್ರಿ. ಆಫೀಸೂ ನಿಮಗ, ರೈಲೂ ನಿಮಗ, ಈಗ ಬಿಸಲೂ ನಿಮಗೇ?"

ಹಿಂದಿನ ಸೀಟಿನಿಂದ ರುಮಾಲು ಸುತ್ತಿದ ಹಿರಿಯರೊಬ್ಬರು ಎದ್ದು ನಿಂತರು. "ನಮ್ಮ ಸುರಪುರದ ಹೆಸರೇ ತಗೊಳ್ಳಲಿಲ್ಲಲ್ರಿ ಯಾರೂ. ನಮ್ಮದು ಸಂಸ್ಥಾನ ಇದ್ದ ಊರು. ನಿಮ್ಮದೆಲ್ಲ ಮೊನ್ನಿ ಮೊನ್ನಿ ಬಂದ ಬಿಸಲು. ನಮ್ಮದು ರಾಜರ ಕಾಲದ್ದು."

ಅಷ್ಟರಲ್ಲಿ ಯಾರೋ ನನ್ನ ಗುರುತು ಹಿಡಿದರು. "ಮೇಡಂ ಇದ್ದಾರಲ್ಲ, ಅವರೇ ತೀರ್ಪು ಕೊಡಲಿ!" ಬಸ್ಸೆಲ್ಲ ನನ್ನ ಕಡೆ ತಿರುಗಿತು. ನಾನು, ಫೋನು ತೋರಿಸುವುದು ಬರೀ ಅಂದಾಜು, ಒಂದು ಡಿಗ್ರಿಗೆ ಜಗಳ ಬೇಡ, ಇಂಥ ಬಿಸಿಲು ಮೂರು ಊರಿನವರಿಗೂ ಕೆಟ್ಟದ್ದೇ, ನೀರು ಕುಡಿಯುತ್ತಾ ಇರಿ ಎಂದೆ. ಎಲ್ಲರೂ ಬೇಜಾರಾದರು. ಸುರಪುರದ ಹಿರಿಯರು "ಮೇಡಂ ಮೂರೂ ಕಡಿ ಮಾತಾಡ್ತಾರ" ಅಂತ ಕೂತುಬಿಟ್ಟರು.

ಇಷ್ಟು ಹೊತ್ತು ಕಿಟಕಿಯ ಪಕ್ಕ ಮೋಸಂಬಿ ಸುಲಿಯುತ್ತಿದ್ದ ಹೆಂಗಸು ಆಗ ಬಾಯಿ ತೆರೆದಳು. "ಇದಕ್ಕ ಬಿಸಲು ಅಂತೀರೇನ್ರಿ ನೀವು? ನಮ್ಮ ಕಲಬುರಗಿಯಾಗ ಇಂಥಾ ದಿನ ನಾವು ಶಾಲು ಹುಡುಕ್ತೀವಿ."

ಬಸ್ಸು ತಣ್ಣಗಾಯಿತು. ಆಮೇಲೆ ಮೂರೂ ತಾಲ್ಲೂಕು ಒಂದಾಗಿ ಆಕೆಯ ಮೇಲೆ ಬಿದ್ದವು. ಯಾದಗಿರಿಯವರು ಶಹಾಪುರದ ಬಂಡೆಯನ್ನು ಹೊಗಳಿದರು, ಶಹಾಪುರದವರು ಸುರಪುರದ ರಾಜರನ್ನು ಹೊಗಳಿದರು. ಗದ್ದಲ ಕೇಳಿ ಬಂದ ಕಂಡಕ್ಟರ್ ಆಕೆಗೆ ಮೆತ್ತಗೆ ಹೇಳಿದ: "ಅಕ್ಕಾರ, ನಿಮ್ಮ ಟಿಕೇಟು ಯಾದಗಿರಿತನಕ ಅದ, ನಾ ಇಲ್ಲನ್ನಂಗಿಲ್ಲ. ಆದ್ರ ಜರಾ ಮುಂದ ಬಂದು ಡ್ರೈವರ್ ಬಾಜೂಕ ಕುಂದರ್ರಿ. ಇಲ್ಲಿ ನಿಮ್ಮ ಜೀವಕ್ಕ ನಾ ಜವಾಬ್ದಾರ ಅಲ್ಲ."

ಖಾಲಾನ ಸಬರ್

ನಮ್ಮ ಪಕ್ಕದ ಮನೆಯ ಖಾಲಾ, ಅಂದರೆ ಓಣಿಗೆಲ್ಲ ಚಿಕ್ಕಮ್ಮ, ಬ್ಲೌಸು ಹೊಲಿಯುತ್ತಾರೆ. ಓಣಿಯ ಹೆಂಗಸರ ಅಳತೆಯೂ, ಅವರ ಮನೆಗಳ ಸುದ್ದಿಯೂ ಅವರಿಗೆ ಬಾಯಿಪಾಠ. ಬಿಸಿಲು ಹಿಂದಿಗಿಂತ ಹೆಚ್ಚಾಗಿದೆಯೋ ಇಲ್ಲವೋ ಎಂದು ಹಿರಿಯರನ್ನು ಕೇಳಿಕೊಂಡು ಬರುವ ಕೆಲಸವನ್ನು ನನ್ನ ವಿದ್ಯಾರ್ಥಿನಿಯರಿಗೆ ಕೊಟ್ಟಿದ್ದೆ. ಮೊದಲು ಖಾಲಾ ಹತ್ತಿರವೇ ಹೋಗೋಣ ಎಂದು ನಾಲ್ಕಾರು ಹುಡುಗಿಯರನ್ನು ಕರೆದುಕೊಂಡು ಹೋದೆ.

ಖಾಲಾ ಕೂಲರಿನ ಎದುರಿಗೆ ಮಷಿನ್ ಇಟ್ಟುಕೊಂಡು ಕೂತಿದ್ದರು. ಪ್ರಶ್ನೆ ಕೇಳಿ ಹೊಲಿಗೆ ನಿಲ್ಲಿಸಿದರು. ಕನ್ನಡಕ ಹಣೆಯ ಮೇಲೇರಿಸಿದರು.

"ನಾವು ಸಣ್ಣೋರಿದ್ದಾಗ ಫ್ಯಾನ್ ಎಲ್ಲಿತ್ತು ಬೇಟಾ? ಮಾಳಿಗಿ ಮ್ಯಾಲ ನೀರು ಹೊಡದು ಮಲಗ್ತಿದ್ವಿ. ಗಾಳಿ ಬಂತೋ, ಅಲ್ಹಮ್ದುಲಿಲ್ಲಾ. ಬರಲಿಲ್ಲೋ, ಅದಕ್ಕೂ ಅಲ್ಹಮ್ದುಲಿಲ್ಲಾ. ಈಗಿನೋರು ಜರಾ ಬೆವರು ಬಂತಂದ್ರ ದುನಿಯಾ ಮುಗೀತಂತಾರ." ಅವರು ಒಂದು ಬೆರಳು ಮೇಲೆತ್ತಿದರು. "ಬರಕೊಳ್ರಿ. ಗರ್ಮಿ ನೈ ಬಡಿ, ಸಬರ್ ಕಮ್ ಹೋಗ್ಯಾ. ಬಿಸಲು ಹೆಚ್ಚಾಗಿಲ್ಲ, ಮಂದಿದು ತಾಳ್ಮಿ ಕಮ್ಮಿ ಆಗ್ಯಾದ."

ಹುಡುಗಿಯರು ಭಕ್ತಿಯಿಂದ ಬರೆದುಕೊಂಡರು. ಒಬ್ಬಳು ಕೆಳಗೆ ಗೆರೆಯನ್ನೂ ಎಳೆದಳು. ನನಗೂ ಮನಸ್ಸು ತುಂಬಿ ಬಂತು. ಅಂಕಿಅಂಶ ಬೇರೆ ಹೇಳುತ್ತದೆ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಕೂಲರು ಗಕ್ಕನೆ ನಿಂತಿತು. ಕರೆಂಟು ಹೋಯಿತು.

ಖಾಲಾ ಒಂದು ಗಳಿಗೆ ಮೇಲೆ ನೋಡಿದರು. ಇನ್ನೊಂದು ಗಳಿಗೆಗೆ ಫೋನು ಕೈಯಲ್ಲಿತ್ತು. ಆ ಕಡೆ ಲೈನ್‌ಮನ್. ಅವನ ವಂಶದ ಮೂರು ತಲೆಮಾರು ಆ ಐದು ನಿಮಿಷದಲ್ಲಿ ಓಣಿಯವರಿಗೆಲ್ಲ ಪರಿಚಯವಾಯಿತು. "ಇಲ್ಲಿ ಮನ್ಷ್ಯಾರು ಸಾಯಾಕತ್ತಾರ, ನೀ ಅಲ್ಲಿ ಚಾ ಕುಡೀತಿ! ಇಂಥಾ ಬಿಸಲು ನನ್ನ ಜಿಂದಗಿಯಾಗ ನೋಡಿಲ್ಲ ನಾನು!"

ಗೆರೆ ಎಳೆದಿದ್ದ ಹುಡುಗಿ ಪೆನ್ನು ಹಿಡಿದೇ ಗಾಬರಿಯಿಂದ ಕೇಳಿದಳು: "ಖಾಲಾ, ಈಗ ನಾವು ಏನ್ ಬರ್ಕೊಳ್ಳೋದು? ಸಬರ್ ಅಂದಿದ್ರಲ್ಲ?"

ಖಾಲಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದರು: "ನನ್ನ ಸಬರೂ ಕರೆಂಟ್ ಮ್ಯಾಲೇ ನಡೀತದ ಬೇಟಾ."

ಮೋಡ ಯಾರದು?

ನಮ್ಮ ಯಜಮಾನರ ಕಡೆಯ ಒಂದು ಲಗ್ನ ಗುರುಮಠಕಲ್‌ನಲ್ಲಿತ್ತು. ಹೆಣ್ಣು ಅಲ್ಲಿಯದೇ, ಗಂಡು ಕಕ್ಕೇರಾದವನು. ಗಂಡಿನವರ ಹೊಲಕ್ಕೆ ಕಾಲುವೆ ನೀರು, ಭತ್ತ. ಹೆಣ್ಣಿನವರದು ಮೋಡ ನೋಡಿ ಬಿತ್ತುವ ತೊಗರಿ. ಅಕ್ಷತೆ ಬೀಳುವತನಕ ಇಬ್ಬರೂ ಬೀಗರು ಒಬ್ಬರನ್ನೊಬ್ಬರು "ಬರ್ರಿ, ಕುಂದರ್ರಿ" ಅಂತ ಆದರಿಸಿದರು. ಊಟದ ಪಂಕ್ತಿಯಲ್ಲಿ ಗಂಡಿನ ಚಿಕ್ಕಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ನಿಮ್ಮ ಕಡಿ ಭಾರಿ ಒಣಾ ಹವಾ ಅದ ಬಿಡ್ರಿ" ಅಂದರು. ಅಲ್ಲಿಂದ ಶುರುವಾಯಿತು.

ಹೆಣ್ಣಿನ ಸೋದರಮಾವ ಸಾರಿನ ಬಕೀಟು ಕೆಳಗಿಟ್ಟರು. "ಒಣಾ ಹವಾ ಯಾಕಾತು, ಅದನ್ನೂ ಹೇಳ್ರಿ. ನೀವು ಎಲ್ಲಾ ಕಡಿ ನೀರು ನಿಲ್ಲಿಸಿ ಭತ್ತ ಹಚ್ಚಿದ್ರಿ. ಮೋಡ ಎಲ್ಲಾ ನೀವೇ ಹಿಡಕೊಂಡ್ರಿ. ಮೊದಲ ಹಿಂಗಿರಲಿಲ್ಲ."

"ಅಲಲಲ! ನಮ್ಮ ಗದ್ದಿ ನೀರೇ ಆವಿ ಆಗಿ ಮ್ಯಾಲ ಹೋಗಿ ನಿಮ್ಮಲ್ಲಿ ಮಳಿ ಆಗ್ತದ. ನೀವು ನಮಗ ಕೈ ಮುಗೀಬೇಕು. ನಮಗೇನು ಉಳದದ? ಸೊಳ್ಳಿ ಮತ್ತ ಸೆಕಿ!"

"ಎಲ್ಲಿ ಆಗ್ತದ ಮಳಿ? ತೋರಸ್ರಿ! ಮೋಡ ಬರ್ತದ, ನಮ್ಮ ಹೊಲ ನೋಡ್ತದ, ಮುಂದ ಹೋಗ್ತದ."

ಇಬ್ಬರೂ ಏಕಕಾಲಕ್ಕೆ ನನ್ನ ಎಲೆಯ ಮುಂದೆ ಬಂದು ನಿಂತರು. ಮದುಮಗಳು ದೂರದಿಂದಲೇ ಗಾಬರಿಯಾಗಿ ನೋಡುತ್ತಿದ್ದಳು. ಅವಳ ಸಂಸಾರ ಶುರುವಾಗಿ ಇನ್ನೂ ಒಂದು ತಾಸಾಗಿರಲಿಲ್ಲ. "ಮೇಡಂ, ನೀವೇ ಹೇಳ್ರಿ," ಅಂದರು ಇಬ್ಬರೂ ಬೀಗರು. " ಮೋಡ ಯಾರದು?"

ಬಾಯಲ್ಲಿದ್ದ ಹೋಳಿಗೆ ನುಂಗಿ, ಆದಷ್ಟು ಯಾರಿಗೂ ನೋವಾಗದ ಹಾಗೆ ಹೇಳಿದೆ: ಮುಂಗಾರಿನ ಮಳೆಯ ಬಹುಪಾಲು ನೀರು ಸಮುದ್ರದಿಂದ ಬರುತ್ತದೆ, ಭತ್ತದ ಗದ್ದೆಯಿಂದ ಸುತ್ತಮುತ್ತಲ ಹವೆಯಲ್ಲಿ ತೇವ ಒಂದಿಷ್ಟು ಹೆಚ್ಚಬಹುದು, ಆದರೆ ಮೋಡವನ್ನು ಯಾರೂ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಆಗ ಗಾಳಿ ಬೀಸುವುದು ನೈಋತ್ಯದಿಂದ ಈಶಾನ್ಯಕ್ಕೆ.

"ಅಂದ್ರ?" ಸೋದರಮಾವ ಕೇಳಿದರು.

"ಅಂದರೆ, ಕಕ್ಕೇರಾ ಕಡೆಯಿಂದ ಈ ಕಡೆ ಬಂದು, ಇಲ್ಲಿಂದ ಹಾಗೇ ತೆಲಂಗಾಣದ ಕಡೆ ಹೋಗುತ್ತದೆ."

ಇಬ್ಬರು ಬೀಗರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟದಲ್ಲಿ ನೆಂಟಸ್ತನ ಮತ್ತೆ ಚಿಗುರಿತು. ಈಗ ಕಳ್ಳ ಬೇರೆ ಯಾರೋ ಸಿಕ್ಕಿದ್ದ. ಗಂಡಿನ ಚಿಕ್ಕಪ್ಪ ಎದೆ ಬಡಿದುಕೊಂಡರು. "ನಮ್ಮ ನೀರು, ನಿಮ್ಮ ಆಕಾಶ, ಮಳಿ ಅವರಿಗೆ!"

ಪಂಕ್ತಿಯ ತುದಿಯಲ್ಲಿ ಗಡಿಯಾಚೆಯಿಂದ ಬಂದಿದ್ದ ನೆಂಟರೊಬ್ಬರು ಇಷ್ಟು ಹೊತ್ತೂ ಮಾತಿಲ್ಲದೆ ಉಣ್ಣುತ್ತಿದ್ದರು. ಅವರು ತಲೆ ಎತ್ತಿ, ಬಲು ವಿನಯದಿಂದ ತೆಲುಗಿನಲ್ಲಿ ಹೇಳಿದರು: "ಪಂಪಿಸ್ತೂ ಉಂಡಂಡಿ. ಮೇಮು ಏಮೀ ಅನುಕೋಮು."

ಕಳಿಸ್ತಾ ಇರಿ, ನಾವೇನೂ ಅಂದುಕೊಳ್ಳುವುದಿಲ್ಲ.

ಟಿವಿಯೊಳಗೆ ಪಾಟಿಸವಾಲು

ಎದುರುಮನೆ ವಕೀಲರು ಮೇ ತಿಂಗಳಲ್ಲೂ ಕರಿ ಕೋಟು ಬಿಚ್ಚುವುದಿಲ್ಲ. ನನ್ನ ಜೊತೆ ವಾದಕ್ಕೆ ನಿಂತಾಗ "ಮೇಡಂ" ಅನ್ನುತ್ತಾರೆ, ನನ್ನಿಂದ ಏನಾದರೂ ಕೆಲಸ ಆಗಬೇಕಿದ್ದಾಗ "ತಂಗಿ" ಅನ್ನುತ್ತಾರೆ. ಅವರ ಹೆಂಡತಿಯನ್ನು ನಾನು ವೈನಿ ಅನ್ನುತ್ತೇನೆ. ಕಡಿಮೆ ಮಾತಿನ ಹೆಂಗಸು.

ಯಾದಗಿರಿಯ ಒಂದು ಸಣ್ಣ ಕೇಬಲ್ ಚಾನೆಲ್‌ನವರು "ಹವಾಮಾನ ಬದಲಾವಣೆ: ನಿಜವೋ ಸುಳ್ಳೋ?" ಅಂತ ಚರ್ಚೆ ಇಟ್ಟರು. ನಿಜ ಅನ್ನುವುದಕ್ಕೆ ನನ್ನನ್ನು, ಸುಳ್ಳು ಅನ್ನುವುದಕ್ಕೆ ವಕೀಲರನ್ನು ಕರೆದರು. ಇಬ್ಬರೂ ಒಂದೇ ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ, ಒಂದೇ ಬಸ್ಸಿನಲ್ಲಿ ಕೂತು, ವೈನಿ ಕಟ್ಟಿಕೊಟ್ಟ ಚುರುಮುರಿ ಹಂಚಿಕೊಂಡು ತಿಂದು ಸ್ಟುಡಿಯೋ ಮುಟ್ಟಿದೆವು. ನಿರೂಪಕ ಹುಡುಗ ಒಳಗೆ ಹೋಗುವ ಮೊದಲೇ ಎಚ್ಚರಿಸಿದ: "ಮೇಡಂ, ಒಬ್ಬರಿಗೊಬ್ಬರು ಒಪ್ಪಿಕೋಬ್ಯಾಡ್ರಿ. ಮಂದಿ ಚಾನೆಲ್ ಬದಲಿ ಮಾಡ್ತಾರ."

ದೀಪ ಹತ್ತಿದ್ದೇ ತಡ, ವಕೀಲರು ನನ್ನ ಕಡೆ ತಿರುಗಿದರು.

"ಮೇಡಂ, ಹವಾಮಾನ ಬದಲಾತು ಅಂತೀರಿ. ಬದಲಾಗೋವಾಗ ನೀವು ಎಲ್ಲಿದ್ರಿ?"

"ಶಹಾಪುರದಾಗ."

"ಮನಿ ಒಳಗೋ, ಹೊರಗೋ?"

"ಅದು ಒಂದು ದಿನ ಆಗುವ..."

"ಒಳಗೋ ಹೊರಗೋ, ಅಷ್ಟ ಹೇಳ್ರಿ."

"ಹೆಚ್ಚಾಗಿ ಒಳಗ."

ವಕೀಲರು ಕ್ಯಾಮೆರಾ ಕಡೆ ನೋಡಿ ಎರಡೂ ಕೈ ಚಾಚಿದರು. "ಒಳಗಿದ್ದೋರಿಗೆ ಹೊರಗಿಂದು ಹೆಂಗ ಗೊತ್ತಾತು? ಕಣ್ಣಾರೆ ಕಂಡ ಸಾಕ್ಷಿ ಒಬ್ಬರೂ ಇಲ್ಲ. ಹೋದ ವರ್ಷ ಮಳಿ ಜಾಸ್ತಿ ಆತು, ಅದಕ್ಕೂ ಬದಲಾವಣಿ ಅಂದ್ರಿ. ಅದರ ಹಿಂದಿನ ವರ್ಷ ಕಮ್ಮಿ ಆತು, ಅದಕ್ಕೂ ಅದನ್ನೇ ಅಂದ್ರಿ. ಹಿಂಗಂದ್ರ ಯಾವ ಆರೋಪಿನೂ ಪಾರಾಗಂಗಿಲ್ಲ!"

ನಿರೂಪಕನಿಗೆ ಖುಷಿಯೋ ಖುಷಿ. ನನಗೆ ಬೆವರು. ಹವೆ ಬೇರೆ, ಹವಾಮಾನ ಬೇರೆ ಎಂದು ತಿಳಿಸಿ ಹೇಳಬೇಕಿತ್ತು. ಪಠ್ಯಪುಸ್ತಕದ ಮಾತು ಹೇಳಿದರೆ ಮಂದಿ ಚಾನೆಲ್ ಬದಲಿಸುತ್ತಾರೆ. ಎದುರಿಗಿದ್ದ ಉದಾಹರಣೆಯನ್ನೇ ಹಿಡಿದೆ.

"ನೋಡಿ, ವಕೀಲರಿಗೆ ಇವತ್ತು ಸಿಟ್ಟು ಬಂದಿದೆ ಅಂದರೆ ಅದು ಹವೆ. ನಾಳೆ ಇಳಿಯಬಹುದು. ಆದರೆ ವರ್ಷಗಟ್ಟಲೆ ದಿನಾ ಗಮನಿಸಿ, ಇವರು ಸಿಟ್ಟಿನ ಮನುಷ್ಯ ಅಂತ ಹೇಳಿದರೆ ಅದು ಹವಾಮಾನ. ಆ ಸಿಟ್ಟು ಮೊದಲಿಗಿಂತ ಹೆಚ್ಚುತ್ತ ಬಂದಿದೆ ಅಂದರೆ ಅದು ಹವಾಮಾನ ಬದಲಾವಣೆ."

"ಆಧಾರ?" ವಕೀಲರು ಮೇಜು ಕುಟ್ಟಿದರು. "ಇದನ್ನ ವರ್ಷಗಟ್ಟಲೆ ಗಮನಿಸಿದೋರು ಯಾರದಾರ?"

ಅಷ್ಟರಲ್ಲಿ ಫೋನು ಬಡಿಯಿತು. ನಿರೂಪಕ ಉತ್ಸಾಹದಿಂದ ಎತ್ತಿದ. "ಹಲೋ, ಶಹಾಪುರದಿಂದ ವೀಕ್ಷಕರು ನಮ್ಮ ಜೊತೆಗಿದ್ದಾರೆ. ಹೇಳಿ ಅಮ್ಮಾ, ಹವಾಮಾನ ಬದಲಾವಣೆ ನಿಜವೋ ಸುಳ್ಳೋ?"

ಸ್ಟುಡಿಯೋ ತುಂಬ ಒಂದು ಶಾಂತವಾದ ದನಿ ಕೇಳಿಸಿತು. "ಖರೇ ಅದರಿ. ಮೇಡಂ ಹೇಳಿದ್ದು ಬರಾಬರಿ ಅದ. ಲಗ್ನ ಆದಾಗಿಂದ ನಾ ದಿನಾ ನೋಡಾಕತ್ತೇನಿ. ವರ್ಷದಿಂದ ವರ್ಷಕ್ಕ ಹೆಚ್ಚಾಗ್ಯಾದ."

"ಬಿಸಿಲಾ ಅಮ್ಮಾ?"

"ಅಲ್ರಿ. ವಕೀಲರ ಸಿಟ್ಟು. ನಾ ಅವರ ಮನಿಯಾಕಿ ಮಾತಾಡಾಕತ್ತೇನಿ."

ಗೋಡೆಯ ಕೇಸು

ಟಿವಿ ಚರ್ಚೆಯಾಗಿ ಕೆಲವು ದಿನ ವಕೀಲರು ನನ್ನ ಕಡೆ ನೋಡದೆ ಗೇಟು ದಾಟುತ್ತಿದ್ದರು. ಒಂದು ಬೆಳಿಗ್ಗೆ ಅವರೇ ನಮ್ಮ ಬಾಗಿಲಿಗೆ ಬಂದು, "ಚಾ ಆತೇನ್ ತಂಗಿ?" ಅಂದರು. ಏನೋ ಕೆಲಸವಿದೆ ಅಂತ ಗೊತ್ತಾಯಿತು.

ವಿಷಯ ಇಷ್ಟು. ಸುರಪುರದ ಒಂದು ಓಣಿಯಲ್ಲಿ ಅವರ ಕಕ್ಷಿದಾರನ ಮಣ್ಣಿನ ಕಂಪೌಂಡ್ ಗೋಡೆ ಅರ್ಧ ಕುಸಿದು ಪಕ್ಕದವರ ಸ್ಕೂಟರಿನ ಮೇಲೆ ಬಿದ್ದಿತ್ತು. ಪಕ್ಕದವರು ಹೊಸ ಸ್ಕೂಟರು ಕೇಳುತ್ತಿದ್ದರು.

"ಗ್ವಾಡಿ ಬಿದ್ದದ್ದು ನಮ್ಮ ಕಕ್ಷಿದಾರನ ತಪ್ಪಲ್ಲ ತಂಗಿ," ಅಂದರು ವಕೀಲರು. "ಹವಾಮಾನ ಬದಲಾವಣಿದು. ಒಮ್ಮಿಗೇ ಬಿಸಲು, ಒಮ್ಮಿಗೇ ಮಳಿ. ಗ್ವಾಡಿ ಪಾಪ ಏನು ಮಾಡೀತು? ನೀ ತಜ್ಞಳಾಗಿ ಒಂದು ಮಾತು ಹೇಳಿದ್ರ ಸಾಕು."

ನಾನು ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡೆ. "ಅಣ್ಣಾರ, ಟಿವಿಯಲ್ಲಿ ಅದು ಶುದ್ಧ ಸುಳ್ಳು ಅಂದಿದ್ರಿ!"

"ಅವಾಗ ನನಗ ಕಕ್ಷಿದಾರ ಇರಲಿಲ್ಲ." ಒಂದಿಷ್ಟೂ ನಾಚಿಕೆಯಿಲ್ಲ.

ಒಂದು ಗೋಡೆ ಬಿದ್ದದ್ದನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಲು ಬರುವುದಿಲ್ಲ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಸುರಪುರ ನನ್ನ ತವರೂರು. ಅವ್ವನನ್ನು ನೋಡಿದ ಹಾಗೂ ಆಯಿತು, ಗೋಡೆ ನೋಡಿದ ಹಾಗೂ ಆಯಿತು ಅಂತ ಜೊತೆಗೆ ಹೋದೆ.

ಅರ್ಧ ಗೋಡೆ ಇನ್ನೂ ನಿಂತಿತ್ತು. ಈ ಕಡೆ ಕಕ್ಷಿದಾರ, ಆ ಕಡೆ ಸ್ಕೂಟರಿನವರು, ನಡುವೆ ಓಣಿಯ ಮಂದಿ. ವಕೀಲರು ಗೋಡೆಗೆ ಬೆನ್ನು ಮಾಡಿ ನಿಂತು ಸಮುದ್ರ ಕಾಯುವುದು, ಮಂಜುಗಡ್ಡೆ ಕರಗುವುದು, ಎಲ್ಲ ಶುರು ಮಾಡಿದರು. ನಾನು ಟಿವಿಯಲ್ಲಿ ಹೇಳಿದ ಮಾತುಗಳನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಮಂದಿ ಬಾಯಿ ತೆರೆದು ಕೇಳುತ್ತಿದ್ದರು. ಸ್ಕೂಟರಿನವರೂ ಕೊಂಚ ಸಡಿಲಾದ ಹಾಗೆ ಕಂಡಿತು.

ಆಗ ಕಕ್ಷಿದಾರನ ಎಮ್ಮೆ ಕೊಟ್ಟಿಗೆಯಿಂದ ಹೊರಗೆ ಬಂತು. ಯಾರನ್ನೂ ನೋಡದೆ ನೇರವಾಗಿ ಉಳಿದ ಗೋಡೆಯ ಹತ್ತಿರ ಹೋಯಿತು. ದಿನದ ರೂಢಿ ಇದ್ದ ಹಾಗಿತ್ತು. ಪಕ್ಕೆಯನ್ನು ಗೋಡೆಗೆ ಒರಗಿಸಿ, ಕಣ್ಣು ಮುಚ್ಚಿ, ಹಿಂದೆ ಮುಂದೆ ಉಜ್ಜತೊಡಗಿತು. ಮೊದಲು ಮಣ್ಣು ಉದುರಿತು. ಆಮೇಲೆ ಒಂದು ಕಲ್ಲು. ವಕೀಲರು "ಧ್ರುವ ಪ್ರದೇಶದಾಗ" ಅನ್ನುವಷ್ಟರಲ್ಲಿ ಉಳಿದ ಗೋಡೆಯೂ ದಡದಡನೆ ಅವರ ಹಿಂದೆ ಮಲಗಿತು.

ಧೂಳು ಅಡಗಿತು. ಎಲ್ಲರೂ ಎಮ್ಮೆಯನ್ನೇ ನೋಡುತ್ತಿದ್ದರು. ಎಮ್ಮೆ ವಕೀಲರನ್ನು ನೋಡುತ್ತಿತ್ತು. ಸ್ಕೂಟರಿನವರು ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಈಗ ಏನಂತೀರಿ, ವಕೀಲ್ ಸಾಹೇಬ್ರ?"

ವಕೀಲರು ಕೋಟಿನ ಧೂಳು ಕೊಡವಿಕೊಂಡರು. "ನಾ ಹೇಳಿದ್ದು ಸಾಬೀತಾತಲ್ರಿ! ಸೆಕಿ ಹೆಚ್ಚಾದದ್ದಕ್ಕೇ ಎಮ್ಮಿಗೆ ಮೈ ಕಡ್ಯಾಕತ್ತದ."

ಸಂತೆಯ ಠರಾವು

ವನದುರ್ಗ ವಕೀಲರ ಸ್ವಂತ ಊರು. ವಾರವಾರ ಹೊಲ ನೋಡಲು ಹೋಗಿ, ಅಲ್ಲಿನ ಸಂತೆಯಿಂದಲೇ ತರಕಾರಿ ತರುತ್ತಾರೆ. ಸಂತೆ ನೆರೆಯುವುದು ಮಧ್ಯಾಹ್ನ. ಬಿಸಿಲು ತಡೆಯಲಾಗುತ್ತಿಲ್ಲ, ಬೆಳಿಗ್ಗೆ ಬೇಗ ಸಂತೆ ಮಾಡೋಣ ಎಂದು ತರಕಾರಿ ಮಾರುವ ಹೆಂಗಸರು ಕೇಳಿದರು. ತಲೆತಲಾಂತರದ ಪದ್ಧತಿ ಬಿಡಬಾರದು ಎಂದು ಕೆಲವರು ಹಟ ಹಿಡಿದರು. ಕೊನೆಗೆ ಊರವರೆಲ್ಲ ಸೇರಿ ಠರಾವು ಮಾಡುವುದೆಂದಾಯಿತು. ಹವಾಮಾನದ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದರು. ವಿರೋಧಿಸಲು ವಕೀಲರನ್ನು ಯಾರೂ ಕರೆಯಬೇಕಿರಲಿಲ್ಲ. ವೈನಿಯೂ ಜೊತೆಗೆ ಬಂದಿದ್ದರು.

ಕೋಟೆಯ ಪಕ್ಕದ ಬಯಲಿನಲ್ಲಿ ಪೈಪುಗಳ ಮೇಲೆ ದೊಡ್ಡ ತಾಡಪತ್ರಿ ಎಳೆದು ನೆರಳು ಮಾಡಿದ್ದರು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು. ಸಭೆ ಅಂದರೆ ಅವರಿಗೆ ಪೂಜೆ ಇದ್ದ ಹಾಗೆ, ಒಂದು ವಿಧಿ ತಪ್ಪಿದರೂ ಮತ್ತೆ ಮೊದಲಿನಿಂದ.

ನನ್ನ ಮಾತು ಬೇಗ ಮುಗಿಯಿತು. ಆಮೇಲೆ ಬದನೆಕಾಯಿ ಮಾರುವ ಹೆಂಗಸೊಬ್ಬಳು ಎದ್ದಳು. "ಮೇಡಂದು ನಮಗ ಪೂರ್ತಿ ತಿಳೀಲಿಲ್ರಿ. ಆದ್ರ ಹೋದ ಸಂತಿಯಾಗ ನಮ್ಮ ಬಾಜೂದಾಕಿ ತಕ್ಕಡಿ ಕೈಯಾಗ ಹಿಡಕೊಂಡೇ ಬಿದ್ಳು. ನೀರು ಹೊಡದು ಎಬ್ಬಿಸಿದ್ವಿ. ಇವತ್ತಿಗೂ ಎದ್ದು ಓಡ್ಯಾಡಾಕತ್ತಿಲ್ಲ. ಮುಂದಿನ ಸಂತಿಗೆ ಯಾರು ಬೀಳ್ತೀವೋ ಗೊತ್ತಿಲ್ಲ." ಇಷ್ಟೇ ಹೇಳಿ ಕೂತಳು.

ವಕೀಲರು ಎದ್ದು ನಿಂತರು. ದನಿ ತಗ್ಗಿಸಿಯೇ ವಿರೋಧಿಸಿದರು. ಬಿಸಿಲು ಅಜ್ಜನ ಕಾಲದಲ್ಲೂ ಇತ್ತು, ನೆರಳು ಮಾಡಿಕೊಡೋಣ, ವೇಳೆ ಬದಲಿಸುವುದು ಬೇಡ. ಪಕ್ಕದಲ್ಲಿದ್ದ ವೈನಿ ನನ್ನ ಕಿವಿಯಲ್ಲಿ ಹೇಳಿದರು: "ಬೆಳಿಗ್ಗಿ ಸಂತಿ ಆದ್ರ ಇವರು ಎದ್ದು ಚೀಲ ಹಿಡೀಬೇಕಾಗ್ತದ. ಇವರು ಏಳೂದೇ ಒಂಬತ್ತಕ್ಕ. ಹವಾಮಾನ ಗಿವಾಮಾನ ಏನೂ ಇಲ್ಲ, ಇಷ್ಟೇ ಇರೂದು."

ಅಷ್ಟರಲ್ಲಿ ಪಶ್ಚಿಮಕ್ಕೆ ಆಕಾಶ ಕಪ್ಪಾಯಿತು. ಮೊದಲು ಧೂಳು ಬಂತು, ಅದರ ಬೆನ್ನಿಗೆ ಗಾಳಿ. ತಾಡಪತ್ರಿ ಹೊಟ್ಟೆ ಉಬ್ಬಿಸಿಕೊಂಡು ಪೈಪುಗಳನ್ನು ನೆಲದಿಂದ ಎತ್ತತೊಡಗಿತು. ಕೆಳಗೆ ಹೆಂಗಸರು, ಮುದುಕರು. ಎಲ್ಲರಿಗಿಂತ ಮೊದಲು ಓಡಿಹೋಗಿ ಪೈಪು ಹಿಡಿದವರು ವಕೀಲರೇ, ಸುಳ್ಳು ಹೇಳಬಾರದು. "ಹಿಡೀರಿ ಹಿಡೀರಿ, ಹೆಣ್ಮಕ್ಕಳ ಮ್ಯಾಲ ಬೀಳ್ತದ!" ಎಂದು ಕೂಗಿದರು. ಉಳಿದವರೂ ಒಂದೊಂದು ಪೈಪಿಗೆ ಜೋತುಬಿದ್ದರು. ಬದಲಾಗಿದೆ ಅನ್ನುವವರು, ಬದಲಾಗಿಲ್ಲ ಅನ್ನುವವರು, ಎಲ್ಲರೂ ಒಂದೇ ತಾಡಪತ್ರಿಗೆ.

"ಸಭಾ ಮುಗಸ್ರಿ ಸರ್!" ಎಂದು ಯಾರೋ ಅರಚಿದರು.

"ಠರಾವು ಆಗದೆ ಸಭಾ ಮುಗಿಯಂಗಿಲ್ಲ," ಅಂದರು ಅಧ್ಯಕ್ಷರು, ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡು. "ಸಂತಿ ಬೆಳಿಗ್ಗಿ ಆಗಬೇಕು ಅನ್ನೋರು ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ.

"ಕೈ ಖಾಲಿ ಇಲ್ರೀ ಸರ್! ಬಾಯಿಲೇ ಹೌದಂತೀವಿ, ಬರ್ಕೊಳ್ರಿ!"

"ಬಾಯಿಮಾತು ನಡಿಯಂಗಿಲ್ಲ. ಪರವಾಗಿ ಯಾರೂ ಇಲ್ಲ." ಅಧ್ಯಕ್ಷರು ಮುಂದುವರಿದರು. "ವಿರೋಧ ಇದ್ದೋರು?"

ಜೀವಮಾನವಿಡೀ ಕೋರ್ಟಿನಲ್ಲಿ ಎದ್ದು ನಿಂತ ರೂಢಿ. 'ವಿರೋಧ' ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ವಕೀಲರ ಕೈ ತಾನಾಗೇ ಮೇಲೆದ್ದಿತು. ಒಂದಲ್ಲ, ಎರಡೂ.

ಅವರು ಹಿಡಿದಿದ್ದ ಮೂಲೆ ಕಿತ್ತುಬಂತು. ತಾಡಪತ್ರಿ ಕೊಡೆಯ ಹಾಗೆ ಮಗುಚಿ, ಮಿಕ್ಕವರ ಕೈಯಿಂದ ಪೈಪುಗಳನ್ನು ಕಸಿದುಕೊಂಡು ಹೊರಟಿತು. ಅದರ ಹಗ್ಗ ವಕೀಲರ ಕೋಟಿಗೆ ಸಿಕ್ಕಿಕೊಂಡಿತ್ತು. ಅವರು ಹಾರಲಿಲ್ಲ, ಓಡಿದರು. ತಾಡಪತ್ರಿ ಮುಂದೆ, ಕೋಟಿನ ಬಾಲ ಹಿಂದೆ, ನಡುವೆ ವಕೀಲರು. ಬಯಲು ದಾಟಿ, ಬದು ಹಾರಿ, ಉತ್ತ ಹೊಲದ ನಡುವೆ ತಾಡಪತ್ರಿ ಸುಸ್ತಾಗಿ ಅವರ ಮೇಲೆಯೇ ಮಲಗಿತು. ಅದೇ ಗಳಿಗೆಗೆ ಮಳೆ ಸುರಿಯಿತು, ಕೊಡದಿಂದ ಹೊಯ್ದ ಹಾಗೆ.

ನಾವೆಲ್ಲ ಎದ್ದುಬಿದ್ದು ಓಡಿದೆವು. ಅಧ್ಯಕ್ಷರೂ ಕುರ್ಚಿ ಎತ್ತಿಕೊಂಡೇ ಬಂದರು. ತಾಡಪತ್ರಿಯ ನಡುವೆ ಒಂದು ಗುಡ್ಡ ಅಲ್ಲಾಡುತ್ತಿತ್ತು. ವೈನಿ ಗಾಬರಿಯಿಂದ ಅಂಚು ಎತ್ತಿ ಇಣುಕಿದರು. "ಏನೂ ಆಗಿಲ್ಲಲ್ರಿ? ಅಯ್ಯ, ಎಂಥಾ ಮಳಿ, ಎಂಥಾ ಗಾಳಿ! ಈಗಾದ್ರೂ ಒಪ್ಪಿಕೊಳ್ರಿ!"

ಒಳಗಿನಿಂದ ಗಟ್ಟಿ ದನಿ ಬಂತು. "ಯಾವ ಮಳೀ? ನನಗ ಒಂದ್ ಹನಿನೂ ಬಿದ್ದಿಲ್ಲಲ್ಲ!"

ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿದ್ದ ವೈನಿ ಅವರನ್ನೊಮ್ಮೆ ನೋಡಿದರು. ಎತ್ತಿದ್ದ ಅಂಚನ್ನು ಮೆಲ್ಲಗೆ ಮತ್ತೆ ಕೆಳಗೆ ಬಿಟ್ಟು, ಅಧ್ಯಕ್ಷರ ಕಡೆ ತಿರುಗಿದರು. "ಸರ್, ಈಗ ಎಲ್ಲಾರದೂ ಕೈ ಖಾಲಿ ಅದಾವ. ಇನ್ನೊಮ್ಮಿ ಕೇಳ್ರಿ."

ಅಧ್ಯಕ್ಷರು ಮಳೆಯಲ್ಲೇ ಕುರ್ಚಿ ಇಟ್ಟು ಕೂತರು. "ಪರವಾಗಿ?"

ಹೊಲ ತುಂಬ ಕೈ ಎದ್ದವು. ಬದನೆಕಾಯಿಯವಳದು ಎಲ್ಲರಿಗಿಂತ ಮೇಲೆ.

"ವಿರೋಧ?"

ತಾಡಪತ್ರಿಯ ನಡುವಿನಿಂದ ಒಂದು ಗುಬುಟು ಸರ್ರನೆ ಮೇಲೆದ್ದಿತು. ಒಳಗೆ ಕೈ ಎತ್ತಿದ್ದರು. ಅಧ್ಯಕ್ಷರು ಕನ್ನಡಕದ ನೀರು ಒರೆಸಿಕೊಂಡು, ಅದನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, ತಲೆ ಅಲ್ಲಾಡಿಸಿದರು.

"ಠರಾವು ಒಮ್ಮತದಿಂದ ಪಾಸ್. ತಾಡಪತ್ರಿಗೆ ಮತ ಇಲ್ಲ."